ಹೊಗೆಯಿಲ್ಲದ ವಂಡಿ ಬಂದ ಮಳೆಗಾಲ

ಹೋದ ವಾರ ಚೆನ್ನೈಯ ನುಂಗಂಬಾಕ್ಕಂನ ನಮ್ಮ ಆಫೀಸಿನಲ್ಲಿ ಕರೆಂಟು ಹೋಯಿತು. ನೆಲಮಾಳಿಗೆಯ ಜನರೇಟರ್ ಎರಡು ಸಲ ಕೆಮ್ಮಿ ಶುರುವಾಯಿತು. ಹೊರಗೆ ಮಳೆ ಹಿಡಿದಿತ್ತು. ಹೊಗೆಗೆ ಹೋಗಲು ದಾರಿಯಿಲ್ಲದೆ ಮೆಟ್ಟಿಲ ಸಂದಿಯಲ್ಲಿ ಮೇಲೇರಿ, ಒದ್ದೆ ಗೋಣಿಯಷ್ಟು ಭಾರವಾದ ಡೀಸೆಲ್ ವಾಸನೆ ನಮ್ಮ ಮೇಜುಗಳ ತನಕ ಬಂತು. ಊರಿನ ಗಾಳಿ ಶುದ್ಧ ಮಾಡುವುದು ಹೇಗೆ ಅಂತ ವರದಿ ಬರೆಯುವ ಆಫೀಸು ನಮ್ಮದು. ಬೇರೆ ದಿನವಾಗಿದ್ದರೆ ಇದೊಂದನ್ನೇ ಹಿಡಿದು ಐದು ನಿಮಿಷ ಮಾತಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಅವತ್ತು ಎದ್ದುಹೋಗಿ ಕಿಟಕಿ ತೆರೆದು ಸುಮ್ಮನೆ ನಿಂತೆ. ಪಕ್ಕದ ಮೇಜಿನವಳು ಏನಾಯ್ತೆಂದು ಕೇಳಿದಳು. ಏನಿಲ್ಲ ಅಂದೆ. ತಂಡೈಯಾರ್‌ಪೇಟೆಯ ಟ್ರೈಲರ್ ಸಾಲು, ಅದರ ಪಕ್ಕದಲ್ಲಿ ಅಂಬಲಿ ಮಾರುತ್ತಿದ್ದ ಒಬ್ಬ ಹೆಂಗಸು, ಎರಡು ವರ್ಷದ ಹಿಂದಿನ ಆ ಮಳೆಗಾಲ, ಇಷ್ಟನ್ನೆಲ್ಲ ಅವಳಿಗೆ ಒಂದು ಮಾತಿನಲ್ಲಿ ಹೇಳುವುದು ಹೇಗೆ?

ನನ್ನ ಬಗ್ಗೆ ಮೊದಲು ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ಚೀಟಿ ಎತ್ತಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಯಾವ ಪಕ್ಷ ಕೊಟ್ಟರೂ ಎರಡು ನಿಮಿಷದಲ್ಲಿ ಅದನ್ನೇ ನಂಬಿಬಿಡುವ ವಿದ್ಯೆ ಕಲಿತಿದ್ದೆ. ಅದಕ್ಕಿಂತ ಮುಖ್ಯವಾಗಿ, ಎದುರಿನವರ ಮಾತಿನಲ್ಲಿ ಎಲ್ಲಿ ತೂತಿದೆ ಅಂತ ಹುಡುಕುವ ಚಟ ಅಂಟಿಕೊಂಡಿತು. ಉಪ್ಪಿಟ್ಟಿಗೆ ಉಪ್ಪು ಸಾಕಾ ಅಂತ ಕೇಳುವುದಕ್ಕೂ ನಿನ್ನ ಹತ್ತಿರ ಹೆದರಿಕೆ ಕಣೇ ಅಂತ ನಮ್ಮಮ್ಮ ಅನ್ನುತ್ತಿದ್ದಳು. ಆ ಚಟಕ್ಕೇ ಚೆನ್ನೈಯಲ್ಲಿ ಕೆಲಸ ಸಿಕ್ಕಿತು. ವಡಪಳನಿಯಲ್ಲಿ ಮನೆ ಮಾಡಿದೆ. ಕೆಲಸಕ್ಕೆ ಸೇರಿದ ಮೊದಲ ಐಪ್ಪಸಿಯಲ್ಲೇ, ಅಂದರೆ ಇಲ್ಲಿ ಮಳೆ ನಿಜವಾಗಿ ಶುರುವಾಗುವ ತಿಂಗಳಿನಲ್ಲೇ, ನನ್ನನ್ನು ಬಂದರಿನ ಲಾರಿಗಳ ಸಮೀಕ್ಷೆಗೆ ಹಾಕಿದರು.

ಬಂದರಿನಿಂದ ಸುತ್ತಮುತ್ತಲಿನ ಕಂಟೇನರ್ ಗೋದಾಮುಗಳಿಗೆ, ಅಲ್ಲಿಂದ ಮತ್ತೆ ಬಂದರಿಗೆ ಓಡಾಡುವ ಟ್ರೈಲರುಗಳು ಇವು. ಊರು ದಾಟುವ ಲಾರಿಗಳಲ್ಲ. ಓಡುವುದು ಕಡಿಮೆ, ನಿಲ್ಲುವುದು ಜಾಸ್ತಿ. ತಂಡೈಯಾರ್‌ಪೇಟೆಯಲ್ಲಿ ಬಂದರಿನ ಗೇಟಿನ ಮುಂದೆ ಕಣ್ಣಳತೆ ಮೀರಿದ ಸಾಲು. ಹತ್ತು ನಿಮಿಷ ನಿಂತು, ಒಂದು ಲಾರಿಯುದ್ದ ಮುಂದೆ ಹೋಗಿ, ಮತ್ತೆ ಹತ್ತು ನಿಮಿಷ ನಿಲ್ಲಬೇಕು. ಹಳೇ ಎಂಜಿನ್ನು ಆರಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಅಂತ ಯಾರೂ ಆರಿಸುವುದಿಲ್ಲ. ಅಷ್ಟು ಹೊತ್ತೂ ಹೊಗೆ. ಇವುಗಳನ್ನು ಬ್ಯಾಟರಿ ಲಾರಿಗಳಿಗೆ ಬದಲಿಸಿದರೆ ಆ ರಸ್ತೆಯ ಗಾಳಿ ಎಷ್ಟು ಸುಧಾರಿಸುತ್ತದೆ, ಚಾಲಕರು ಏನನ್ನುತ್ತಾರೆ, ಮಾಲೀಕರು ಒಪ್ಪುತ್ತಾರಾ ಅನ್ನುವುದು ನಮ್ಮ ವರದಿಯ ವಿಷಯ.

ನನಗೆ ಮೊದಲ ದಿನದಿಂದಲೂ ನಂಬಿಕೆ ಇರಲಿಲ್ಲ. ಬ್ಯಾಟರಿಗೆ ಕರೆಂಟು ಎಲ್ಲಿಂದ ಬರುತ್ತದೆ? ಎಣ್ಣೂರಿನ ಕಡೆ ಕಲ್ಲಿದ್ದಲು ಸುಟ್ಟು. ಅಂದರೆ ಹೊಗೆ ಹೋಗುವುದಿಲ್ಲ, ಮನೆ ಬದಲಿಸುತ್ತದೆ ಅಷ್ಟೆ. ಬಡವರ ಒಂದು ಬೀದಿಯಿಂದ ಬಡವರ ಇನ್ನೊಂದು ಬೀದಿಗೆ. ಹೀಗೆ ಹೇಳಿದಾಗ ನಮ್ಮ ಮೇಲಧಿಕಾರಿ ರಘುನಾಥನ್ ಸರ್ ನಕ್ಕು, ಮೊದಲು ಹೋಗಿ ಸಾಲು ನೋಡಿ ಬಾ, ಆಮೇಲೆ ತೀರ್ಪು ಕೊಡು ಅಂದಿದ್ದರು.

ಹೋದೆ. ಕೈಯಲ್ಲಿ ಟ್ಯಾಬ್ಲೆಟ್ಟು, ಬಾಯಲ್ಲಿ ಪುಸ್ತಕದ ತಮಿಳು. ದಿನಕ್ಕೆ ಎಷ್ಟು ಗಂಟೆ ಎಂಜಿನ್ ಚಾಲನೆಯಲ್ಲಿರುತ್ತದೆ ಅಂತ ಒಬ್ಬ ಚಾಲಕನನ್ನು ನಾನು ಎಷ್ಟು ಗೌರವದಿಂದ ಕೇಳಿದೆನೆಂದರೆ, ಅವನು ಬೀಡಿ ಬಿಸಾಡಿ ಎದ್ದು ನಿಂತುಬಿಟ್ಟ. ಆಗ ಮುಂದಿನ ಟ್ರೈಲರಿನ ಕಿಟಕಿಯಿಂದ ಒಂದು ತಲೆ ಹೊರಬಂತು.

"ಯಾವೂರು ಕೂಸೇ ನಿಂದು? ಮೈಸೂರಾ?"

ಅವನೇ ಮಾದೇಶಣ್ಣ. ತಾಳವಾಡಿ ಬೆಟ್ಟದ ಕಡೆಯವನು. ರೇಷನ್ ಕಾರ್ಡು ತಮಿಳುನಾಡಿನದು, ಮನೆಮಾತು ನಮ್ಮ ಚಾಮರಾಜನಗರದ ಕನ್ನಡ. ಇಪ್ಪತ್ತೈದು ವರ್ಷದಿಂದ ಇದೇ ಸಾಲಿನಲ್ಲಿದ್ದಾನೆ. ಲಾರಿಗೆ ವಂಡಿ ಅನ್ನುತ್ತಿದ್ದ, ಬೇಗ ಅನ್ನುವುದಕ್ಕೆ ಸೀಕ್ರಂ ಅನ್ನುತ್ತಿದ್ದ, ಆದರೆ ಬೈಯುವಾಗ ಮಾತ್ರ ಅಪ್ಪಟ ಕನ್ನಡ. ಪ್ರಶ್ನೆಪಟ್ಟಿ ನೋಡಿ, ಇದನ್ನೆಲ್ಲ ನಿಂತುಕೊಂಡು ಬರೆದರೆ ಕಾಲು ನೋಯುತ್ತದೆ, ಅಲ್ಲಿ ನಮ್ಮವಳ ಹತ್ತಿರ ಹೋಗಿ ಕೂತುಕೋ ಅಂತ ಕೈ ತೋರಿಸಿದ.

ಸಾಲಿನ ಪಕ್ಕದಲ್ಲಿ, ಅವರ ಒಂದು ಕೋಣೆಯ ಮನೆಯ ಮುಂದೆ, ಟಾರ್ಪಾಲಿನ ಕೆಳಗೆ ಅವನ ಹೆಂಡತಿ ಸಿದ್ದಮ್ಮಕ್ಕ ರಾಗಿ ಅಂಬಲಿ ಮಾರುತ್ತಿದ್ದಳು. ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಮಜ್ಜಿಗೆ, ಹೆಚ್ಚಿದ ಈರುಳ್ಳಿ, ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿ. ಚಾಲಕರು ವಂಡಿಯಿಂದ ಇಳಿಯದೆ ಕೈ ಚಾಚುತ್ತಿದ್ದರು, ಅವಳು ಲೋಟ ಎತ್ತಿ ಕೊಡುತ್ತಿದ್ದಳು. ಹಾಗೆ ಕೊಡುವಾಗ ಅವಳ ಮುಖ ಸರಿಯಾಗಿ ಹೊಗೆಕೊಳವೆಯ ಮುಂದೆ ಬರುತ್ತಿತ್ತು. ಇಪ್ಪತ್ತು ವರ್ಷ ಹಾಗೆ ಕೊಟ್ಟಿದ್ದಳು. ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು, ಆಮೇಲೆ ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಇದು ಈ ಹೊಗೆಯಿಂದಲೇ ಬಂದದ್ದು ಅಂತ ಡಾಕ್ಟರು ಹೇಳಿದ್ದಾರಾ ಅಂತ ಕೇಳಿದೆ. ಎರಡು ಸಂಗತಿ ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಬೇಕಿಲ್ಲ ಅಂತಲೂ ವಿವರಿಸಿದೆ. ಈಗ ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಓದಿದವಳು ಏನೋ ಹೇಳುತ್ತಿದ್ದಾಳೆ ಅಂತ ಇನ್ನೊಂದು ಲೋಟ ಅಂಬಲಿ ಹಾಕಿದಳು.

ಹೊಗೆಯಿಲ್ಲದ ವಂಡಿ ಬರುತ್ತದಂತೆ ಅನ್ನುವ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಅಂತ ಸಣ್ಣ ಹುಡುಗಿ ಹಬ್ಬ ಕೇಳುವ ಹಾಗೆ ಕೇಳಿದಳು. ನಾನು ನನ್ನ ಎಣ್ಣೂರಿನ ವಾದ ಬಿಚ್ಚಿದೆ. ಪೂರ್ತಿ ಕೇಳಿಸಿಕೊಂಡಳು.

"ನೀ ಹೇಳದು ಸರಿ ಕನ ಕೂಸೇ. ಆದ್ರೆ ಅಲ್ಲಿ ಹೊಗೆ ಆಕಾಸಕ್ಕೋಯ್ತದೆ. ಇಲ್ಲಿ ನನ್ ಬಾಯ್ಗೇ ಬತ್ತದಲ್ಲ."

ನನ್ನ ಬಳಿ ಇದಕ್ಕೂ ಉತ್ತರ ಇತ್ತು. ಚಿಮಣಿ ಎತ್ತರದ ಲೆಕ್ಕ, ಗಾಳಿ ಬೀಸುವ ದಿಕ್ಕು. ಅಂಬಲಿ ಬಾಯಲ್ಲಿದ್ದುದರಿಂದ ಹೇಳಲಿಲ್ಲ.

ಆಮೇಲಿನ ಮೂರು ವಾರ ದಿನಾ ಹೋದೆ. ಸಾಲಿನ ಒಂದು ಪದ್ಧತಿ ನನ್ನ ಕಣ್ಣಿಗೆ ಬಿದ್ದದ್ದು ಆಗ. ಊಟಕ್ಕೋ ಸ್ನಾನಕ್ಕೋ ಒಂದು ಗಳಿಗೆ ನಿದ್ದೆಗೋ ಚಾಲಕ ವಂಡಿ ಬಿಟ್ಟು ಹೋಗುವಾಗ ಕೀ ತೆಗೆಯುತ್ತಿರಲಿಲ್ಲ. ಹಿಂದಿನ ವಂಡಿಯವನಿಗೆ ಒಂದು ಸಲ ಕೈ ಎತ್ತಿ ತೋರಿಸಿದರೆ ಆಯಿತು. ಸಾಲು ಕದಲಿದಾಗ ಹಿಂದಿನವನು ತನ್ನ ವಂಡಿಯಿಂದಿಳಿದು, ಮುಂದಿನದನ್ನು ಹತ್ತಿ, ಒಂದು ಲಾರಿಯುದ್ದ ಮುಂದೆ ಹಾಕಿ, ನಡೆದು ವಾಪಸು ಬಂದು ತನ್ನದನ್ನು ಮುಂದೆ ಹಾಕುತ್ತಿದ್ದ. ಒಬ್ಬೊಬ್ಬ ಮೂರು ವಂಡಿಯನ್ನೂ ಹೀಗೆ ನಡೆಸುತ್ತಿದ್ದ. ಯಾವ ಮಾಲೀಕನಿಗೆ ಸೇರಿದ್ದು, ಯಾವ ಊರಿನವನು ಅಂತ ಯಾರೂ ಕೇಳುತ್ತಿರಲಿಲ್ಲ. ಮಾದೇಶಣ್ಣನಿಗೆ ಹೀಗೆ ಆಗಿಬರುತ್ತಿದ್ದವನು ಅಂದೋಣಿ. ಕಾಸಿಮೇಡಿನವನು, ದೊಡ್ಡ ಹೊಟ್ಟೆ, ಬಾಯಿ ತೆರೆದರೆ ಮಾದೇಶಣ್ಣನ ತಮಿಳನ್ನು ಗೇಲಿ ಮಾಡುವುದೇ ಕೆಲಸ. ಇಬ್ಬರೂ ಒಟ್ಟಿಗೇ ಗೋದಾಮಿನಿಂದ ಹೊರಟು ಸಾಲಿನಲ್ಲಿ ಹಿಂದುಮುಂದಾಗಿಯೇ ನಿಲ್ಲುತ್ತಿದ್ದರು. ನಾನು ಇದನ್ನೆಲ್ಲ ಟ್ಯಾಬ್ಲೆಟ್ಟಿನಲ್ಲಿ ಬರೆದುಕೊಂಡೆ. ನೋಡಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ.

ಕಾರ್ತಿಕದಲ್ಲಿ ಮಳೆ ಜೋರಾಯಿತು. ವಾಯುಭಾರ ಕುಸಿತ ಅಂತ ದಿನಾ ಸುದ್ದಿ. ರಸ್ತೆಯ ನೀರಿನಲ್ಲಿ ಟ್ರೈಲರುಗಳ ಚಕ್ರ ಅರ್ಧ ಮುಳುಗಿ ನಿಂತವು, ಹೊಗೆ ಮೇಲೇಳಲಾರದೆ ನೀರಿನ ಮೇಲೇ ತೆವಳಿತು. ಅಂಥ ಒಂದು ಬೆಳಿಗ್ಗೆ ಹೋದಾಗ ಟಾರ್ಪಾಲಿನ ಕೆಳಗೆ ಪಾತ್ರೆ ಇರಲಿಲ್ಲ. ಸಿದ್ದಮ್ಮಕ್ಕನನ್ನು ಹಿಂದಿನ ಸಂಜೆ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದರು. ಏದುಸಿರು ನಿಲ್ಲುತ್ತಿರಲಿಲ್ಲವಂತೆ, ಆದರೆ ಉಸಿರು ಸಿಗುತ್ತಲೂ ಇರಲಿಲ್ಲವಂತೆ.

ಆಸ್ಪತ್ರೆ ಸಾಲಿನಿಂದ ದೂರವಿರಲಿಲ್ಲ, ನಡೆದರೆ ಹದಿನೈದು ನಿಮಿಷ. ಹೆಂಗಸರ ವಾರ್ಡು. ಗಂಡಸರನ್ನು ಬಿಡುತ್ತಿದ್ದುದು ಮಧ್ಯಾಹ್ನ ಹನ್ನೆರಡರಿಂದ ಒಂದು ಗಂಟೆಯ ತನಕ ಮಾತ್ರ. ಉಳಿದ ಹೊತ್ತು ಪಕ್ಕದ ಮನೆಯಾಕೆ ಇರುತ್ತಿದ್ದಳು. ಮಾದೇಶಣ್ಣ ಬೆಳಿಗ್ಗೆಯೇ ಅಂಬಲಿ ಕಾಯಿಸಿ ಕ್ಯಾನಿಗೆ ಹಾಕಿ ವಂಡಿಯಲ್ಲಿಟ್ಟುಕೊಂಡು, ಹನ್ನೆರಡಕ್ಕೆ ಅಂದೋಣಿಗೆ ಕೈ ಎತ್ತಿ ತೋರಿಸಿ, ಪಂಚೆ ಎತ್ತಿಕಟ್ಟಿ ನೀರಿನಲ್ಲಿ ಹೊರಟುಬಿಡುತ್ತಿದ್ದ. ಒಂದು ದಿನ ನಾನೂ ಜೊತೆಗೆ ಹೋದೆ.

ಅವಳ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿದ್ದರು. ಉಣ್ಣಬೇಕಾದರೆ ಅದನ್ನು ತೆಗೆಯಬೇಕು. ತೆಗೆದರೆ ಅವಳಿಗೆ ಭಯ. ಪಕ್ಕದ ಮನೆಯಾಕೆ ಉಣ್ಣಿಸಹೋದರೆ ಎರಡು ಚಮಚಕ್ಕೇ ಕೈ ತಳ್ಳಿಬಿಡುತ್ತಿದ್ದಳಂತೆ. ಮಾದೇಶಣ್ಣ ಉಣ್ಣಿಸುವುದನ್ನು ನೋಡಬೇಕಿತ್ತು. ಮುಖವಾಡ ಸ್ವಲ್ಪ ಎತ್ತಿ ಒಂದು ಚಮಚ, ತಕ್ಷಣ ಮುಚ್ಚಿ, ಅವಳ ಎದೆಯ ಮೇಲೆ ಕಣ್ಣಿಟ್ಟು ಎಂಟು ಹತ್ತು ಉಸಿರು ಕಾಯುವುದು. ಅವಳು ರೆಪ್ಪೆ ಮಿಟುಕಿಸಿದರೆ ಮಾತ್ರ ಇನ್ನೊಂದು ಚಮಚ. ಅವಸರ ಇಲ್ಲ, ಬೇಸರ ಇಲ್ಲ. ಸ್ವಲ್ಪ ಮುಂದೆ ಹೋಗಿ, ನಿಂತು, ಮತ್ತೆ ಸ್ವಲ್ಪ ಮುಂದೆ ಹೋಗಿ ದಿನ ಕಳೆಯುವುದು ಅವನ ಕೈಗೆ ಇಪ್ಪತ್ತೈದು ವರ್ಷದಿಂದ ಗೊತ್ತಿತ್ತು. ಒಂದು ಲೋಟ ಅಂಬಲಿಗೆ ಆ ಒಂದು ಗಂಟೆ ಸರಿಯಾಗಿ ಸಾಕಾಗುತ್ತಿತ್ತು.

ಮಾರ್ಗಶಿರದಲ್ಲಿ ಆ ಸಭೆ ನಡೆಯಿತು. ನಮ್ಮ ಆಫೀಸಿನ ಉದ್ದ ಮೇಜಿನ ಒಂದು ಕಡೆ ಟ್ರೈಲರ್ ಮಾಲೀಕರು, ಇನ್ನೊಂದು ಕಡೆ ಬ್ಯಾಟರಿ ವಂಡಿ ಮಾರುವ ಕಂಪನಿಯವರು. ಮೊದಲು ಆರು ವಂಡಿ ತಂದು ಪರೀಕ್ಷೆ ಮಾಡುವುದು, ಚೆನ್ನಾಗಿದ್ದರೆ ಮುಂದಕ್ಕೆ ಹೆಚ್ಚಿಸುವುದು ಅಂತ ಮಾತು. ಕಂಪನಿಯ ಪ್ರತಿನಿಧಿ ಪರದೆಯ ಮೇಲೆ ಚಿತ್ರ ತೋರಿಸುತ್ತ, ಪ್ರತಿ ಚಾಲಕನೂ ಎಷ್ಟು ಹೊತ್ತು ಓಡಿಸಿದ, ಎಷ್ಟು ಜಾಣತನದಿಂದ ಬ್ಯಾಟರಿ ಉಳಿಸಿದ ಅನ್ನುವುದನ್ನೆಲ್ಲ ನಮ್ಮ ವ್ಯವಸ್ಥೆ ಹೆಸರು ಸಮೇತ ಹೇಳುತ್ತದೆ ಅಂದ. ಸಲೀಸಾದ ಇಂಗ್ಲಿಷು, ಅದಕ್ಕಿಂತ ಸಲೀಸಾದ ನಗು. ನನಗೆ ತೂತು ಕಂಡಿತು.

ನಾನು ಕೈ ಎತ್ತಿದೆ. ನಿಮ್ಮ ಲೆಕ್ಕ ಸುಳ್ಳಾಗುತ್ತದೆ ಅಂದೆ. ಸಾಲಿನಲ್ಲಿ ಸ್ಟೀರಿಂಗ್ ಹಿಡಿದವನು ದಾಖಲೆಯಲ್ಲಿರುವವನೇ ಆಗಿರುವುದಿಲ್ಲ, ಒಬ್ಬನೇ ಮೂರು ವಂಡಿ ನಡೆಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮೂರು ವಾರದ ಟಿಪ್ಪಣಿ ನನ್ನ ಹತ್ತಿರವಿದೆ, ಹಾಗಿರುವಾಗ ಹೆಸರು ಸಮೇತ ನೀವು ಕೊಡುವ ಅಂಕಿ ಯಾರ ಅಂಕಿ? ಮಾಲೀಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಾಲೇಜಿನಲ್ಲಿ ನಾನು ಗೆದ್ದಾಗಲೂ ಎದುರಿನವರು ಹೀಗೇ ನೋಡಿಕೊಳ್ಳುತ್ತಿದ್ದರು. ರಘುನಾಥನ್ ಸರ್ ಕನ್ನಡಕ ಒರೆಸಿಕೊಂಡು ಮೆಚ್ಚುಗೆಯಿಂದ ನೋಡಿದರು.

ಕಂಪನಿಯವನಿಗೆ ಮಾತ್ರ ಏನೂ ಆಗಲಿಲ್ಲ. ಬಹಳ ಒಳ್ಳೆಯ ವಿಷಯ ಹೇಳಿದಿರಿ ಅಂತ ನನಗೇ ಧನ್ಯವಾದ ಹೇಳಿ ಬರೆದುಕೊಂಡ. ಎರಡು ವಾರದ ನಂತರ, ವಂಡಿಯಲ್ಲಿ ಏನೇನಿರುತ್ತದೆ ಅನ್ನುವ ಅವರ ಹೊಸ ಪಟ್ಟಿ ಬಂತು. ಸ್ಟೀರಿಂಗ್ ಮೇಲೆ ಒಂದು ಕ್ಯಾಮೆರಾ. ನೋಂದಾಯಿಸಿದ ಚಾಲಕನ ಮುಖ ಕಂಡರೆ ಮಾತ್ರ ವಂಡಿ ಕದಲುತ್ತದೆ. ಸಾಲಿನಲ್ಲಿ ಸೀಟು ಖಾಲಿಯಿದ್ದರೆ ಗೋದಾಮಿನ ಆಫೀಸಿಗೆ ಸುದ್ದಿ ಹೋಗುತ್ತದೆ, ಸರದಿ ರದ್ದಾಗುತ್ತದೆ. ಅವರ ಮಾಲನ್ನು ಕೆಡವಬೇಕೆಂದು ನಾನು ಆಡಿದ ಮಾತು ಅವರ ಮಾಲಿಗೆ ಇನ್ನೊಂದು ಅಂಗವಾಗಿ ಸೇರಿಕೊಂಡಿತು. ಅದನ್ನು ಓದಿದ ದಿನ ನನಗೆ ಮಾದೇಶಣ್ಣನ ಹನ್ನೆರಡು ಗಂಟೆ ನೆನಪಾಗಲಿಲ್ಲ. ಹೀಗೆ ಬರೆಯುವುದು ಕಷ್ಟ, ಆದರೆ ನಿಜ. ನನಗೆ ಅವತ್ತು ಅನ್ನಿಸಿದ್ದು, ಎಷ್ಟು ಜಾಣ ಮಾರಾಟಗಾರ ಇವನು ಅಂತ ಮಾತ್ರ.

ಇನ್ನೂ ಒಂದಿದೆ. ಆರು ಚಾಲಕರನ್ನು ಆರಿಸುವಾಗ ಮಾದೇಶಣ್ಣನ ಹೆಸರು ಸೂಚಿಸಿದವಳು ನಾನೇ. ಅವನಿಗೂ ಆಸೆಯಿತ್ತು. ತನಗಾಗಿ ಅಲ್ಲ. ನೀ ಹೊಗೆಯಿಲ್ಲದ ವಂಡಿ ಓಡಿಸೋದ ನಾ ನೋಡಬೇಕು ಅಂತ, ಇನ್ನೂ ಆಸ್ಪತ್ರೆಯಲ್ಲೇ ಇದ್ದ ಸಿದ್ದಮ್ಮಕ್ಕ ಮುಖವಾಡದೊಳಗಿಂದ ಹೇಳಿದ್ದಳಂತೆ.

ಪೊಂಗಲ್ ಮುಗಿದ ಮರುವಾರ ಆರು ವಂಡಿ ಬಂದವು. ಆ ವರ್ಷ ಪೊಂಗಲ್ ಆದಮೇಲೂ ಮೋಡ ಬಿಟ್ಟಿರಲಿಲ್ಲ. ಚಕ್ರದಡಿ ನಿಂಬೆಹಣ್ಣಿಟ್ಟು, ಮೂತಿಗೆ ಸೇವಂತಿಗೆ ಹಾರ ಹಾಕಿ ಪೂಜೆ ಮಾಡಿದರು. ಮಾದೇಶಣ್ಣ ಇಸ್ತ್ರಿ ಮಾಡಿದ ಖಾಕಿ ಹಾಕಿಕೊಂಡು ಬಂದಿದ್ದ. ವಂಡಿ ಹೊರಟಾಗ ನಿಂಬೆಹಣ್ಣು ಚಿಟ್ಟೆಂದು ಒಡೆದದ್ದು ಎಲ್ಲರಿಗೂ ಕೇಳಿಸಿತು. ಮೊದಲೆಲ್ಲ ಎಂಜಿನ್ ಸದ್ದಿನಲ್ಲಿ ಅದು ಕೇಳಿಸಿದ್ದೇ ಇಲ್ಲವಂತೆ. ಅಂದೋಣಿ, ಇದೇನು ವಂಡಿಯೋ ತೊಟ್ಟಿಲೋ, ಮಲಗಿಬಿಟ್ಟೀಯ ಜೋಕೆ ಅಂತ ಕೂಗಿದ. ಅವನದು ಹಳೇ ಡೀಸೆಲ್ಲೇ. ಅವನ ಮಾಲೀಕ ಒಪ್ಪಿರಲಿಲ್ಲ.

ಮೊದಲ ಮಧ್ಯಾಹ್ನವೇ ಆಯಿತು. ಹನ್ನೆರಡಕ್ಕೆ ಮಾದೇಶಣ್ಣ ಅಭ್ಯಾಸದಂತೆ ಕೈ ಎತ್ತಿ ತೋರಿಸಿ ಇಳಿದುಹೋದ. ಸಾಲು ಕದಲಿದಾಗ ಅಂದೋಣಿ ಹೋಗಿ ಹೊಸ ವಂಡಿ ಹತ್ತಿ ಕೂತ. ವಂಡಿ ಕದಲಲಿಲ್ಲ, ಒಂದು ಹೆಂಗಸಿನ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು. ಮಾದೇಶಣ್ಣ ವಾಪಸು ಬರುವಷ್ಟರಲ್ಲಿ ಹಿಂದಿನವರು ಪಕ್ಕದಿಂದ ದಾಟಿಹೋಗಿದ್ದರು, ಸರದಿ ರದ್ದಾಗಿತ್ತು, ಗೋದಾಮಿನಿಂದ ಎಚ್ಚರಿಕೆ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಇಳಿಸುತ್ತೇವೆ ಅಂದರಂತೆ. ಅವನ ಹಳೇ ವಂಡಿಯನ್ನು ಮಾಲೀಕ ಆಗಲೇ ಮಾರಿಬಿಟ್ಟಿದ್ದ. ಹೋಗಲು ಬೇರೆ ಸೀಟು ಇರಲಿಲ್ಲ.

ಸಂಜೆ ನನಗೆ ಫೋನು ಮಾಡಿದ. ಕ್ಯಾಮೆರಾ ವಂಡಿಯ ಜೊತೆಗೇ ಹುಟ್ಟಿಬಂದದ್ದು ಅಂತ ಅವನು ತಿಳಿದಿದ್ದ.

"ಅವ್ವಾ, ಆ ಕಣ್ಣ ಒಂದ್ ಗಂಟೆ ಮುಚ್ಚಕಾಯ್ತದಾ? ಮದ್ಯಾನಕ್ಕೆ ಮಾತ್ರ. ಮಿಕ್ಕಿದ್ ಹೊತ್ತೆಲ್ಲ ನೋಡ್ಕಳ್ಲಿ."

ನಾನು ವಾದಿಸಿದೆ. ಆ ಮಳೆಗಾಲದಲ್ಲಿ ಆಡಿದ ಎಲ್ಲ ವಾದಕ್ಕಿಂತ ಚೆನ್ನಾಗಿ ವಾದಿಸಿದೆ. ಮಾಲೀಕರ ಆಫೀಸಿಗೆ ಹೋದೆ, ಕಂಪನಿಗೆ ಪತ್ರ ಬರೆದೆ. ವಂಡಿಯ ಗುಣಕ್ಕೂ ಆ ಕ್ಯಾಮೆರಾಕ್ಕೂ ಸಂಬಂಧವೇ ಇಲ್ಲ, ಹೊಗೆ ಕಡಿಮೆ ಮಾಡಲು ಮುಖ ನೋಡಬೇಕಿಲ್ಲ ಅಂದೆ. ಒಬ್ಬನಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಅಂತ ಉತ್ತರ ಬಂತು. ರಘುನಾಥನ್ ಸರ್ ಕೆಟ್ಟವರಲ್ಲ. ಮೆತ್ತಗೆ, ಇದು ನೀನೇ ಎತ್ತಿದ ವಿಷಯ ಅಲ್ಲವಾ, ಈಗ ನೀನೇ ಬೇಡ ಅಂದರೆ ಯಾವುದನ್ನು ನಂಬಲಿ ಅಂದರು. ನನ್ನ ಟಿಪ್ಪಣಿ, ನನ್ನ ದಿನಾಂಕ, ನನ್ನ ಮೂರು ವಾರ. ಅಷ್ಟು ಗಟ್ಟಿಯಾದ ಸಾಕ್ಷಿಯನ್ನು ನಾನೇ ಕಟ್ಟಿಕೊಟ್ಟಿದ್ದೆ.

ಕೊನೆಗೆ ನಾನೇ ಮಧ್ಯಾಹ್ನ ಹೋಗಿ ಉಣ್ಣಿಸುತ್ತೇನೆ ಅಂದೆ. ಮಾದೇಶಣ್ಣ ಬೆಳಿಗ್ಗೆ ಕ್ಯಾನನ್ನು ಪಕ್ಕದ ಮನೆಯಾಕೆಯ ಕೈಗೆ ಕೊಟ್ಟಿರುತ್ತಿದ್ದ. ಭಾನುವಾರ ರಜೆ, ಅವತ್ತೊಂದು ದಿನ ಅವನೇ ಬರುತ್ತಿದ್ದ. ಉಳಿದ ದಿನ ನಾನು.

ನನಗೆ ಬರಲಿಲ್ಲ. ಚಮಚ ಬಾಯಿಗೆ ತಾಗುವ ಮೊದಲೇ ಮುಖವಾಡ ಇಳಿಸುತ್ತಿದ್ದೆ, ಇಲ್ಲವೇ ಹತ್ತು ಉಸಿರು ಎಣಿಸುವುದು ಮರೆತು ಏನೋ ಮಾತಾಡುತ್ತಿದ್ದೆ. ಮಾತಾಡೋ ವೇಗದಲ್ಲಿ ಉಣ್ಣಿಸಬೇಡ ಅಂತ ಅವಳು ಅಂದಳು. ನಕ್ಕಳು ಕೂಡ. ಆದರೆ ಅರ್ಧ ಲೋಟ ಉಳಿಯುತ್ತಿತ್ತು, ಆಮೇಲೆ ಮುಕ್ಕಾಲು ಉಳಿಯತೊಡಗಿತು. ಎರಡನೆಯ ವಾರದ ಒಂದು ದಿನ, ಮಳೆ ನಿಂತು ಕಿಟಕಿಯಲ್ಲಿ ಸ್ವಲ್ಪ ಬೆಳಕು ಬಂದಿತ್ತು, ಅವಳೇ ಮುಖವಾಡ ಸರಿಸಿ ಕೇಳಿದಳು.

"ಹೊಗೆ ಇಲ್ವಂತಲ್ಲ, ದಿಟವಾ?"

ದಿಟ ಅಂದೆ. ಸದ್ದೂ ಇಲ್ಲ, ನಿಂಬೆಹಣ್ಣು ಒಡೆದದ್ದೂ ಕೇಳಿಸಿತು ಅಂದೆ. ಅವಳ ಕಣ್ಣು ಸಣ್ಣಗಾಯಿತು.

"ಮತ್ ಯಾಕ್ ದಿನಾ ಬರಕಿಲ್ಲ ಅಂವ? ಒಳ್ಳೆ ವಂಡಿ ಬಂದ್ ಮ್ಯಾಕೆ ಜನ ಬರದ್ ನಿಂತೋಗದಾ?"

ಹೇಳಲು ನೂರು ದಾರಿ ಇತ್ತು. ನಿಯಮ ಬದಲಾಗಿದೆ, ಕಂಪನಿಯವರು, ಮಾಲೀಕರು. ಎಲ್ಲವೂ ನಿಜವೇ. ನಾನು ಹೇಳಲೇಬೇಕೆಂದಿರಲಿಲ್ಲ. ಆದರೆ ಹೇಳಿದೆ. ಸಾಲಿನಲ್ಲಿ ಹಿಂದಿನವರು ವಂಡಿ ನಡೆಸುವುದನ್ನು ನಾನು ನೋಡಿದ್ದು, ಬರೆದುಕೊಂಡದ್ದು, ಸಭೆಯಲ್ಲಿ ಗೆಲ್ಲುವುದಕ್ಕೆ ಅದನ್ನು ಹೇಳಿದ್ದು, ಕ್ಯಾಮೆರಾ ಅದರಿಂದ ಬಂದದ್ದು.

ಅವಳು ಮುಖವಾಡ ಮುಚ್ಚಿಕೊಂಡು ಹತ್ತು ಉಸಿರು ಎಳೆದಳು. ಕ್ಯಾನಿನ ಕಡೆ ನೋಡಿದಳು.

"ಹಂಗಾರೆ ನೀನೇ ದಿನಾ ಬಾ," ಅಂದಳು.

ಶಾಪವಾ, ಅಪ್ಪಣೆಯಾ ಅಂತ ಈಗಲೂ ಗೊತ್ತಿಲ್ಲ. ದಿನಾ ಹೋದೆ. ಇನ್ನೂ ಎಂಟು ದಿನ.

ಒಂಬತ್ತನೆಯ ದಿನ ಹೋದಾಗಲೇ ಅವಳ ಉಗುರು ನೀಲಿಯಾಗಿತ್ತು. ನರ್ಸು ಬಂದು ನೋಡಿ ಡಾಕ್ಟರನ್ನು ಕರೆಯಲು ಓಡಿದಳು. ನಾನು ಮಾದೇಶಣ್ಣನಿಗೆ ಫೋನು ಮಾಡಿ, ಬನ್ನಿ ಅಂತ ಒಂದೇ ಮಾತು ಹೇಳಿದೆ. ಬಂದಾಗ ಅವನ ಖಾಕಿ ಬೆವರಿನಲ್ಲಿ ನೆನೆದಿತ್ತು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಡಾಕ್ಟರು ನೋಡಿ ಹೋಗಿದ್ದರು. ಅವನು ಹಾಸಿಗೆಯ ಅಂಚಿನಲ್ಲಿ ಕೂತು ಕ್ಯಾನು ತೆರೆದು, ಮುಖವಾಡ ಸ್ವಲ್ಪ ಎತ್ತಿ ಚಮಚ ತುಟಿಗೆ ಮುಟ್ಟಿಸಿದ. ಅವಳು ನುಂಗಲಿಲ್ಲ. ಮುಖವಾಡ ಮುಚ್ಚಿ ಕಾದ. ರೆಪ್ಪೆಯನ್ನೇ ನೋಡುತ್ತ ಕಾದ. ಮತ್ತೆ ಎತ್ತಲಿಲ್ಲ. ಚಮಚ ಹಿಡಿದುಕೊಂಡೇ ಕೂತಿದ್ದ.

ಒಂದು ಗಂಟೆಯಾಗಿ ಗಂಡಸರನ್ನು ಹೊರಗೆ ಕಳಿಸುವ ಆಯಾ ಬಂದಳು. ನಾನು ಎದ್ದು ನಿಂತೆ. ಇನ್ನೂ ಅರ್ಧ ಗಂಟೆ ಅವನನ್ನು ಯಾಕೆ ಇರಲು ಬಿಡಬೇಕು ಅನ್ನುವುದಕ್ಕೆ ನನ್ನ ಬಳಿ ಮಾತು ಸಿದ್ಧವಾಗಿತ್ತು. ಆಯಾ ಹಾಸಿಗೆಯ ಕಡೆ ಒಮ್ಮೆ ನೋಡಿ, ಹಸಿರು ಪರದೆಯನ್ನು ಸುತ್ತ ಎಳೆದು ಮುಂದಿನ ಹಾಸಿಗೆಗೆ ಹೋದಳು. ಎರಡು ಗಂಟೆಯ ಹೊತ್ತಿಗೆ ಸಿದ್ದಮ್ಮಕ್ಕ ಹೋದಳು.

ಅವನ ವಂಡಿ ಆವಾಗ ಗೇಟಿನಿಂದ ಮೂರನೆಯದಾಗಿ ನಿಂತಿತ್ತು. ಇದನ್ನು ಹೇಳಿದ್ದು ಅಂದೋಣಿ, ಮಾರನೆಯ ದಿನ ಸುಡುಗಾಡಿನಲ್ಲಿ. ಮುಂದಿನ ಎರಡು ವಂಡಿ ಒಳಗೆ ಹೋದವು, ಇದು ಕದಲಲಿಲ್ಲ. ಯಾರು ಹತ್ತಿದರೂ ಕದಲುವ ಹಾಗಿರಲಿಲ್ಲ. ರಸ್ತೆಯ ಪಕ್ಕ ನೀರು ನಿಂತಿದ್ದರಿಂದ ದಾಟಿಹೋಗಲೂ ದಾರಿಯಿಲ್ಲ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅಂದೋಣಿ ಇಳಿದು ಸಾಲಿನುದ್ದ ಹಿಂದಕ್ಕೆ ನಡೆಯುತ್ತ, ಮಾದೇಶನ ಮನೆಯವಳಿಗೆ ಹೀಗಾಗಿದೆ ಅಂತ ಒಂದೊಂದು ಕಿಟಕಿಗೂ ಹೇಳಿದ. ಎಲ್ಲರೂ ಅವಳ ಅಂಬಲಿ ಕುಡಿದವರು. ಒಬ್ಬ ಎಂಜಿನ್ ಆರಿಸಿದ. ಅವನ ಹಿಂದಿನವನು ಆರಿಸಿದ. ಹೀಗೆ ಕಣ್ಣಿಗೆ ಕಾಣುವ ತನಕ. ಅವಳ ಮನೆಯ ಮುಂದೆ ಅಷ್ಟು ಹೊತ್ತು ಹೊಗೆಯಿಲ್ಲದ್ದನ್ನು ತಾನು ಕಂಡದ್ದು ಅದೇ ಮೊದಲು ಅಂದ ಅಂದೋಣಿ. ಆಗ ಸಮುದ್ರದ ಸದ್ದು ಕೇಳಿಸಿತಂತೆ. ಅವಳಿಗೆ ತೋರಿಸಬೇಕಿತ್ತು ಅಂದು ತಿರುಗಿ ನಿಂತ.

ಪರೀಕ್ಷೆ ಯಶಸ್ವಿಯಾಯಿತು. ಒಂದು ಘಟನೆ ಬಿಟ್ಟರೆ, ಅಂತ ವರದಿಯಲ್ಲಿದೆ: ಸಾಲಿನಲ್ಲಿ ಚಾಲಕನಿಲ್ಲದ ವಾಹನ, ಚಾಲಕನ ವೈಯಕ್ತಿಕ ಕಾರಣ. ಆ ವಾಕ್ಯ ಬರೆದವಳು ನಾನಲ್ಲ, ಆದರೆ ವರದಿಗೆ ನನ್ನ ಹೆಸರೂ ಇದೆ. ಮಾದೇಶಣ್ಣನನ್ನು ಆ ವಂಡಿಯಿಂದ ಇಳಿಸಿದರು.

ನಾನಿಲ್ಲದಿದ್ದರೂ ಆ ಕ್ಯಾಮೆರಾ ಇವತ್ತಲ್ಲ ನಾಳೆ ಬರುತ್ತಿತ್ತು, ಅವಳ ಶ್ವಾಸಕೋಶ ಇಪ್ಪತ್ತು ವರ್ಷದಿಂದ ಸುಡುತ್ತಿತ್ತು, ಅವನು ದಿನಾ ಬಂದಿದ್ದರೂ ಅವಳು ಉಳಿಯುತ್ತಿದ್ದಳೆಂದು ಹೇಳಲಾಗದು. ಇವೆಲ್ಲ ನನಗೆ ಗೊತ್ತು. ನನ್ನ ಪರವಾಗಿ ನನಗಿಂತ ಚೆನ್ನಾಗಿ ವಾದಿಸುವವರು ಯಾರೂ ಇಲ್ಲ. ಇನ್ನೂ ಒಂದು ಹೇಳುತ್ತೇನೆ. ಆ ವಂಡಿಗಳು ಬರಬೇಕು. ಆರಲ್ಲ, ಎಲ್ಲವೂ ಬರಬೇಕು. ಎಣ್ಣೂರಿನ ನನ್ನ ವಾದವನ್ನು ನಾನು ಎಲ್ಲೂ ಈಗ ಎತ್ತುವುದಿಲ್ಲ. ಸಿದ್ದಮ್ಮಕ್ಕ ಹೇಳಿದ್ದು ಸರಿಯಿತ್ತು. ಅವಳು ಕೇಳಿದ್ದು ಹೊಗೆಯಿಲ್ಲದ ವಂಡಿ ಮಾತ್ರ. ಅದರ ಜೊತೆಗೆ ಅವಳ ಹನ್ನೆರಡು ಗಂಟೆಯನ್ನು ಕಿತ್ತುಕೊಂಡು ಹೋಗುವ ಕಣ್ಣನ್ನು ಸೇರಿಸಿಕೊಟ್ಟದ್ದು ನಾನು.

ಜನರೇಟರಿನ ವಾಸನೆ ಬಂದ ಮಾರನೆಯ ದಿನ ರಜೆ ಹಾಕಿ ತಂಡೈಯಾರ್‌ಪೇಟೆಗೆ ಹೋದೆ. ಸುಡುಗಾಡಿನ ಆ ದಿನದ ನಂತರ ನಾನು ಅಲ್ಲಿಗೆ ಹೋಗಿರಲಿಲ್ಲ. ಮಾದೇಶಣ್ಣನಿಗೆ ನಾನು ಇದ್ಯಾವುದನ್ನೂ ಹೇಳಿರಲಿಲ್ಲ, ಸಿದ್ದಮ್ಮಕ್ಕನಿಗೆ ಹೇಳಿದ್ದೆ ಅಷ್ಟೆ. ಹೇಳಬೇಕು ಅಂತಲೇ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ.

ಮಧ್ಯಾಹ್ನವಾಗಿತ್ತು. ಸಾಲು ಹಾಗೇ ಇತ್ತು, ಅಲ್ಲೊಂದು ಇಲ್ಲೊಂದು ಹಸಿರು ನಂಬರ್ ಪ್ಲೇಟಿನ ಬ್ಯಾಟರಿ ವಂಡಿ ಬಿಟ್ಟರೆ ಉಳಿದದ್ದೆಲ್ಲ ಡೀಸೆಲ್ಲು. ಮಾದೇಶಣ್ಣ ಬೇರೆ ಯಾರದೋ ಹಳೇ ಟ್ರೈಲರ್ ಓಡಿಸುತ್ತಿದ್ದಾನೆ. ಅವನ ಮುಂದಿನ ಎರಡು ವಂಡಿಯ ಸೀಟು ಖಾಲಿ. ಚಾಲಕರು ಊಟಕ್ಕೆ ಹೋಗಿದ್ದರು. ಮಧ್ಯಾಹ್ನ ಈಗ ಅವನಿಗೆ ಹೋಗಬೇಕಾದ ಜಾಗ ಇಲ್ಲ, ಆದ್ದರಿಂದ ಎಲ್ಲರೂ ಅವನಿಗೇ ಕೈ ಎತ್ತಿ ತೋರಿಸಿ ಹೋಗುತ್ತಾರಂತೆ. ಒಂದರಿಂದಿಳಿದು ಇನ್ನೊಂದಕ್ಕೆ ನಡೆಯುತ್ತಿದ್ದವನ ಜೊತೆ ನಾನೂ ನಡೆದೆ. ಅಣ್ಣಾ, ಆ ಕ್ಯಾಮೆರಾ ಬಂದದ್ದು ನನ್ನಿಂದ ಅಂದೆ. ಅಷ್ಟೇ.

ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ. ನನ್ನ ಮುಖ ನೋಡಲಿಲ್ಲ.

"ಗೊತ್ತು ಕನವ್ವ. ಭಾನ್ವಾರ ಹೋದಾಗ ಅವ್ಳೇ ಹೇಳುದ್ಲು. ಆ ಕೂಸ ಬೈಬ್ಯಾಡ ಅಂದ್ಲು." ಬಾಗಿಲು ತೆಗೆದ. "ಅದ್ಕೇ ಬೈನಿಲ್ಲ."

ಮುಂದೆ ಸಾಲು ಕದಲಿತು. ಅವನು ಹತ್ತಿ ಕೂತು, ಇನ್ಯಾರದೋ ವಂಡಿಯನ್ನು ಒಂದು ಲಾರಿಯುದ್ದ ಮುಂದಕ್ಕೆ ತೆಗೆದುಕೊಂಡು ಹೋದ.